ರೂಟ್ ಕೆನಾಲ್ ಆಗಿ ಮೂರು ವರ್ಷ, ಒಸಡಿನ ಗುಳ್ಳೆ ಮಾತ್ರ ಬಿಡ್ತಿಲ್ಲ

ತುಂಗಾತೀರ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಲಿನ ಬಲಗಡೆ ದವಡೆ ಹಲ್ಲಿಗೆ ಮೂರು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿದ್ದೆ. ಕ್ಯಾಪ್ ಕೂಡ ಹಾಕಿಸಿದ್ದೇನೆ. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಚಕ್ಕುಲಿ, ಕೋಡುಬಳೆ ಎಲ್ಲ ಅದೇ ಕಡೆ ಅಗಿಯುತ್ತಿದ್ದೆ. ಕಳೆದ ದೀಪಾವಳಿ ಹೊತ್ತಿಗೆ ಆ ಹಲ್ಲಿನ ಮೇಲೆ ಒಸಡಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ನೋವಿಲ್ಲ. ನಾಲಿಗೆ ತಾಗಿದರೆ ಗೊತ್ತಾಗುತ್ತದೆ, ಅಷ್ಟೇ. ನಾಲ್ಕೈದು ದಿನಕ್ಕೆ ಒಡೆಯುತ್ತದೆ, ಬಾಯೆಲ್ಲ ಒಂಥರಾ ಉಪ್ಪುಪ್ಪು ಕಹಿ. ಆಮೇಲೆ ಮಾಯ. ಇಪ್ಪತ್ತು ದಿನ ಬಿಟ್ಟು ಮತ್ತೆ ಅದೇ ಜಾಗದಲ್ಲಿ ಹಾಜರು.

ಇದುವರೆಗೆ ಮೂರು ಸಲ ಆಂಟಿಬಯೋಟಿಕ್ ಕೋರ್ಸ್ ಆಗಿದೆ. ಮಾತ್ರೆ ನುಂಗುವಷ್ಟು ದಿನ ಸುಮ್ಮನಿರುತ್ತದೆ, ನಿಲ್ಲಿಸಿದರೆ ಬರುತ್ತದೆ. ಹೋದ ವಾರ ಶಿವಮೊಗ್ಗದಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು ಕಾಣಿಸಿತು. ಎಂಟೆರೋಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ ಸೇರಿಕೊಂಡಿರಬೇಕು, ಎಲ್ಲ ಬಿಚ್ಚಿ ಮತ್ತೆ ಮಾಡಬೇಕು ಎಂದರು. ನಮ್ಮ ಮಾವನವರು "ಕೀಳಿಸಿ ಬಿಸಾಕಿ" ಅಂತಿದ್ದಾರೆ.

ನನಗೆ ಅರ್ಥವಾಗದ್ದು ಇಷ್ಟೇ. ನರ ತೆಗೆದಾಗಿದೆ. ಒಳಗೆ ರಬ್ಬರಿನಂಥದ್ದು ತುಂಬಿದ್ದಾರೆ. ಮೇಲೆ ಕ್ಯಾಪ್ ಬಡಿದಿದ್ದಾರೆ. ಸತ್ತ ಹಲ್ಲಿನೊಳಗೆ ಈ ಬ್ಯಾಕ್ಟೀರಿಯಾ ಇರುವುದೆಲ್ಲಿ? ತಿನ್ನುವುದೇನು?

ಕಾಫಿಗಿಡ · ಸೋಮವಾರ ರಾತ್ರಿ 10:05

ನನ್ನದೂ ಇದೇ ಕಥೆ ಅಣ್ಣಾ. ಎರಡು ಸಲ ಬಿಚ್ಚಿ ಮಾಡಿದರು, ಆಮೇಲೆ ಬೇರು ಸೀಳಿದೆ ಅಂತ ಕಿತ್ತರು. ಮೊದಲೇ ಸೀಳಿದೆಯಾ ಇಲ್ವಾ ಅಂತ ನೋಡಿಸಿಕೊಳ್ಳಿ. ಇಲ್ಲದಿದ್ದರೆ ದುಡ್ಡು ದಂಡ.

ಅಜ್ಜಿಮನೆ ಮದ್ದು · ಸೋಮವಾರ ರಾತ್ರಿ 10:31

ದಿನಕ್ಕೆ ಮೂರು ಸಲ ಬಿಸಿ ಉಪ್ಪುನೀರು ಮುಕ್ಕಳಿಸಿ. ರಾತ್ರಿ ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳಿ. ಯಾವ ಬ್ಯಾಕ್ಟೀರಿಯಾ ಆದರೂ ಓಡಿಹೋಗುತ್ತದೆ.

ಫೈಲ್ ನಂಬರ್ 10 · ಮಂಗಳವಾರ ಬೆಳಗ್ಗೆ 7:15

ನಾನು ಎಂಡೋಡಾಂಟಿಸ್ಟ್, ಅಂದರೆ ದಿನವಿಡೀ ಬೇರಿನೊಳಗೇ ಇಣುಕುವ ಕೆಲಸದವಳು. ಉತ್ತರ ಹೇಳುವ ಮೊದಲು ನಾಲ್ಕು ಪ್ರಶ್ನೆ.

ಚಿಕಿತ್ಸೆ ಮಾಡುವಾಗ ಬಾಯಿಗೆ ರಬ್ಬರ್ ಹಾಳೆ ಕಟ್ಟಿದ್ದರಾ? ಎಷ್ಟು ಸಲ ಕರೆದರು? ಬೇರು ತುಂಬಿದ ಮೇಲೆ ಕ್ಯಾಪ್ ಹಾಕಲು ಎಷ್ಟು ದಿನ ಬಿಟ್ಟಿರಿ? ನಿಮಗೆ ಶುಗರ್ ಇದೆಯಾ?

ಮತ್ತೆ, ಸತ್ತ ಹಲ್ಲು ಅನ್ನಬೇಡಿ. ಒಳಗಿನ ನರ, ರಕ್ತನಾಳ ಹೋಗಿವೆ, ಸರಿ. ಬೇರಿನ ಹೊರಗಿನ ಮೈ ಜೀವಂತವಾಗಿಯೇ ಇದೆ. ಎಲುಬಿಗೆ ಅದನ್ನು ಹಿಡಿದಿಟ್ಟ ನಾರುಗಳಲ್ಲಿ ರಕ್ತ ಓಡುತ್ತಿದೆ. ಜಗಳ ನಡೆಯುತ್ತಿರುವುದು ಅಲ್ಲಿ. ಎಕ್ಸ್‌ರೇಯ ಕಪ್ಪು ನೆರಳು ಅಂದರೆ ಆ ಜಾಗದಲ್ಲಿ ಎಲುಬು ಕರಗಿ ಹಿಂದೆ ಸರಿದಿದೆ ಎಂದರ್ಥ.

ತುಂಗಾತೀರ · ಮಂಗಳವಾರ ಮಧ್ಯಾಹ್ನ 1:20

ಮೇಡಂ, ರಬ್ಬರ್ ಹಾಳೆ ಇರಲಿಲ್ಲ. ಹತ್ತಿ ಉಂಡೆ ಇಟ್ಟು ಮಾಡಿದರು. ಐದೋ ಆರೋ ಸಲ ಹೋಗಿದ್ದೆ. ಮಧ್ಯದಲ್ಲಿ ಒಂದು ಸಲ ಕೀವು ಇಳಿಯಲಿ ಅಂತ ಎರಡು ದಿನ ತೆರೆದೇ ಬಿಟ್ಟಿದ್ದರು. ಶುಗರ್ ಇಲ್ಲ.

ಕ್ಯಾಪ್ ವಿಷಯ ಹೇಳಲು ನಾಚಿಕೆ. ನೋವು ಹೋಯ್ತಲ್ಲ ಅಂತ ಸುಮ್ನೆ ಇದ್ದುಬಿಟ್ಟೆ. ಅಡಿಕೆ ಕೊಯ್ಲು, ಮಗಳ ಅಡ್ಮಿಷನ್ ಅಂತ ಐದು ತಿಂಗಳು ಹೋಯಿತು. ತಾತ್ಕಾಲಿಕ ಫಿಲ್ಲಿಂಗ್ ಅರ್ಧ ಉದುರಿ, ಅಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಿತ್ತು. ಕಡ್ಡಿಯಲ್ಲಿ ತೆಗೆಯುತ್ತಿದ್ದೆ.

ಫೈಲ್ ನಂಬರ್ 10 · ಮಂಗಳವಾರ ರಾತ್ರಿ 9:10

ಅಗುಳಿನ ಜತೆ ಎಂಜಲೂ ಒಳಗೆ ಹೋಗಿರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು "ಇರುವುದೆಲ್ಲಿ" ಎಂಬ ಪ್ರಶ್ನೆ.

ಬೇರು ಅಂದರೆ ಒಂದು ನೇರ ಕೊಳವೆ ಅಂತ ಎಲ್ಲರ ಮನಸ್ಸಲ್ಲೂ ಇದೆ. ಕ್ಲಿನಿಕ್ಕಿನ ಗೋಡೆಯ ಚಿತ್ರದಲ್ಲೂ ಹಾಗೇ ಬರೆದಿರುತ್ತಾರೆ. ನಿಜದಲ್ಲಿ ಅದು ನಮ್ಮ ಹಳೇ ಪೇಟೆಯ ಓಣಿಗಳ ಹಾಗೆ. ಮುಖ್ಯ ದಾರಿ ಒಂದೋ ಎರಡೋ. ಮಧ್ಯೆ ಅಡ್ಡ ಸಂದಿ, ಕುರುಡು ಸಂದಿ, ತುದಿಯಲ್ಲಿ ಕವಲು. ನಮ್ಮ ಫೈಲು, ಅಂದರೆ ಒಳಗೆ ಕೆರೆಯುವ ಸೂಜಿಯಂಥ ಅರ, ಮುಖ್ಯ ದಾರಿಯಲ್ಲಿ ಹೋಗಿ ಬರುತ್ತದೆ. 2001ರಲ್ಲಿ ಮೇಲಿನ ದವಡೆ ಹಲ್ಲುಗಳನ್ನೇ ಮೈಕ್ರೋ ಸಿಟಿ ಎಂಬ ಸೂಕ್ಷ್ಮ ಸ್ಕ್ಯಾನರಿನಲ್ಲಿ ಇಟ್ಟು ನೋಡಿದರು. ನಿಕ್ಕಲ್ ಟೈಟಾನಿಯಂ ಫೈಲು ಆಡಿಸಿದ ಮೇಲೂ ಕಾಲುವೆಯ ಗೋಡೆಯಲ್ಲಿ 35 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಭಾಗ ಫೈಲು ಮುಟ್ಟೇ ಇರಲಿಲ್ಲ. ಮಾಡಿದವರು ಸೋಮಾರಿಗಳಲ್ಲ, ಸಂಶೋಧಕರು.

ಇದು ದೊಡ್ಡ ಲೆಕ್ಕ ಆಯಿತು. ಸಣ್ಣ ಲೆಕ್ಕ ಇನ್ನೂ ಮಜಾ ಇದೆ. ಬೇರಿನ ಗೋಡೆಯನ್ನು ಡೆಂಟಿನ್ ಅನ್ನುತ್ತೇವೆ. ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು, ಒಂದು ಚದರ ಮಿಲಿಮೀಟರಿಗೆ ಹತ್ತಾರು ಸಾವಿರ. ಒಂದೊಂದರ ಅಗಲ 1ರಿಂದ 3 ಮೈಕ್ರಾನ್ (ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್). ನಾನು ಇಲ್ಲಿ ಹೆಸರಿಟ್ಟುಕೊಂಡ 10ನೇ ನಂಬರ್ ಫೈಲಿನ ತುದಿ 100 ಮೈಕ್ರಾನ್. ಕೂದಲಿನಷ್ಟು ಸಣ್ಣ ಅಂತ ಜಂಬ ಪಡುತ್ತೇವೆ. ಆ ಕೊಳವೆಯ ಮುಂದೆ ಅದು ಒನಕೆ. ಬ್ಯಾಕ್ಟೀರಿಯಾ ಅರ್ಧದಿಂದ 1 ಮೈಕ್ರಾನ್. ಅವು ಆರಾಮಾಗಿ ಒಳಗೆ ನಡೆದುಹೋಗುತ್ತವೆ.

ಹಾಗಾದರೆ ಯಾರ ಕೈಯಲ್ಲೂ ಪೂರ್ತಿ ಸ್ವಚ್ಛ ಮಾಡಲು ಆಗಲ್ವಾ ಅಂದರೆ, ಆಗಲ್ಲ. ಇದನ್ನು ಒಪ್ಪಿಕೊಳ್ಳಲು ನನಗೇ ವರ್ಷಗಳು ಬೇಕಾದವು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಳದವಡೆಯ 16 ಹಲ್ಲುಗಳಿಗೆ ಚಿಕಿತ್ಸೆ ಕೊಟ್ಟು, ತುಂಬಿ, ತಕ್ಷಣ ಬೇರಿನ ತುದಿ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. 14ರಲ್ಲಿ ಸೂಕ್ಷ್ಮಜೀವಿಗಳು ಉಳಿದಿದ್ದವು. ಹಾಗಂತ ಆ ಹಲ್ಲುಗಳೆಲ್ಲ ಕೆಡಬೇಕಿಲ್ಲ. ಸಂಖ್ಯೆ ಕಡಿಮೆ ಮಾಡಿ, ಊಟ ನಿಲ್ಲಿಸಿ, ಹೊಸಬರು ಬರದಂತೆ ಬಾಗಿಲು ಹಾಕಿದರೆ ಮಿಕ್ಕದ್ದನ್ನು ಶರೀರ ನೋಡಿಕೊಳ್ಳುತ್ತದೆ. ಬಹುಪಾಲು ಹಲ್ಲುಗಳು ವಾಸಿಯಾಗುವುದು ಹಾಗೆಯೇ.

ನಿಮ್ಮ ಹಲ್ಲಿನಲ್ಲಿ ಬಾಗಿಲೇ ಐದು ತಿಂಗಳು ತೆರೆದಿತ್ತು.

ಲ್ಯಾಬ್ ಕೋಣೆ · ಮಂಗಳವಾರ ರಾತ್ರಿ 11:02

ಮೈಕ್ರೋಬಯಾಲಜಿ ಲ್ಯಾಬಿನವನು ನಾನು. "ತಿನ್ನುವುದೇನು" ಎಂಬ ಪ್ರಶ್ನೆ ಬಿಟ್ಟುಹೋಯಿತಲ್ಲ, ಅದು ನನ್ನ ಪಾಲಿಗಿರಲಿ.

ಎಂಟೆರೋಕಾಕಸ್ ಫೀಕಾಲಿಸ್ ಅಂದರೆ ನಮ್ಮೆಲ್ಲರ ಕರುಳಿನ ಕಾಯಂ ಬಾಡಿಗೆದಾರ. ಕರುಳಿನಲ್ಲಿ ಇರುವವರೆಗೆ ಸಭ್ಯಸ್ಥ. ಲ್ಯಾಬಿನಲ್ಲಿ ಇದನ್ನು ಗುರುತಿಸುವ ಹಳೇ ಕ್ರಮಗಳನ್ನು ನೋಡಿದರೆ ಇದರ ಮೊಂಡುತನ ಗೊತ್ತಾಗುತ್ತದೆ. 10 ಡಿಗ್ರಿ ಚಳಿಯಲ್ಲೂ ಬೆಳೆಯುತ್ತದೆ, 45 ಡಿಗ್ರಿ ಸೆಕೆಯಲ್ಲೂ ಬೆಳೆಯುತ್ತದೆ. ಪಿಎಚ್ 9.6ರ ಕ್ಷಾರದಲ್ಲಿ ಬೆಳೆಯುತ್ತದೆ. ಪಿತ್ತರಸ ಇರುವ ಎಸ್ಕುಲಿನ್ ಅಗಾರ್ ತಟ್ಟೆಯಲ್ಲಿ ಹಾಕಿದರೆ ಮರುದಿನ ತಟ್ಟೆ ಕಾಡಿಗೆ ಬಳಿದ ಹಾಗೆ ಕಪ್ಪಾಗಿರುತ್ತದೆ. 6.5 ಪರ್ಸೆಂಟ್ ಉಪ್ಪಿನ ದ್ರಾವಣದಲ್ಲೂ ಬೆಳೆಯುತ್ತದೆ. @ಅಜ್ಜಿಮನೆ ಮದ್ದು, ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಅಂದರೆ ಹೆಚ್ಚುಕಡಿಮೆ 3 ಪರ್ಸೆಂಟ್ ಅಷ್ಟೇ. ಆ ನೀರು ಬೇರಿನೊಳಗೆ ಹೋಗುವುದೂ ಇಲ್ಲ ಅನ್ನುವುದು ಬೇರೆ ಮಾತು. ಒಸಡಿಗೆ ಹಿತ, ಮುಕ್ಕಳಿಸಲಿ ಬಿಡಿ.

ಊಟದ ವಿಷಯ. ಬೇರಿನ ತುದಿಯಲ್ಲಿ ಶರೀರದ ದ್ರವ ಸದಾ ಜಿನುಗುತ್ತಿರುತ್ತದೆ. ಅದರಲ್ಲಿ ಪ್ರೋಟೀನ್ ಇರುತ್ತದೆ. ಇದಕ್ಕೆ ಅಷ್ಟು ಸಾಕು. ಅದೂ ಸಿಗದಿದ್ದರೆ ಉಪವಾಸ ಮಲಗುತ್ತದೆ. ಕಿತ್ತ ಹಲ್ಲುಗಳಲ್ಲಿ ಇದನ್ನು ಬಿಟ್ಟು, ಬೇರು ತುಂಬಿ ಮುಚ್ಚಿ, 12 ತಿಂಗಳಾದ ಮೇಲೆ ತೆಗೆದು ನೋಡಿದಾಗಲೂ ಜೀವ ಇತ್ತು. 2005ರ ಪ್ರಯೋಗ ಅದು.

ಇನ್ನೊಂದು ಕಸುಬು ಇದೆ. ಡಾಕ್ಟರು ಎರಡು ಭೇಟಿಗಳ ನಡುವೆ ಕಾಲುವೆಯಲ್ಲಿ ಬಿಳಿ ಪೇಸ್ಟ್ ಇಡುತ್ತಾರಲ್ಲ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತಾಂಬೂಲಕ್ಕೆ ಹಚ್ಚುವ ಸುಣ್ಣವೂ ಅದೇ. ಅದರ ಪಿಎಚ್ 12ರ ಮೇಲೆ. ಬೇರೆ ಬಹುಪಾಲು ಬ್ಯಾಕ್ಟೀರಿಯಾಗಳು ಅಲ್ಲೇ ಸಾಯುತ್ತವೆ. ಫೀಕಾಲಿಸ್ ಹತ್ತಿರ ಪ್ರೋಟಾನ್ ಪಂಪ್ ಇದೆ. ಹೊರಗೆ ಕ್ಷಾರ ಏರಿದಂತೆ ಪ್ರೋಟಾನ್‌ಗಳನ್ನು ಒಳಗೆ ಎಳೆದುಕೊಂಡು ತನ್ನ ಹೊಟ್ಟೆಯನ್ನು ಸಮ ಇಟ್ಟುಕೊಳ್ಳುತ್ತದೆ. 11.1ರವರೆಗೆ ಬದುಕಿತು, 11.5 ದಾಟಿದಾಗ ಸತ್ತಿತು ಅಂತ 2002ರಲ್ಲಿ ತೋರಿಸಿದರು. ಪೇಸ್ಟು 12 ಇದ್ದರೂ ಡೆಂಟಿನ್ನಿನ ಕೊಳವೆಗೆ ಇಳಿಯುವಷ್ಟರಲ್ಲಿ ಅದರ ಖಾರ ಇಳಿದಿರುತ್ತದೆ, ಡೆಂಟಿನ್ ಅದನ್ನು ಹೀರಿ ಮೆತ್ತಗೆ ಮಾಡುತ್ತದೆ. ಕಳ್ಳ ಬದುಕುವುದು ಆ ವ್ಯತ್ಯಾಸದಲ್ಲಿ.

ಕಾಫಿಗಿಡ · ಬುಧವಾರ ಬೆಳಗ್ಗೆ 6:50

ಅಬ್ಬಾ! ಹಾಗಾದರೆ ಜಾಸ್ತಿ ಪವರಿನ ಆಂಟಿಬಯೋಟಿಕ್ ಹೊಡೆದರೆ ಆಗಲ್ವಾ? ನಮ್ಮ ಮೆಡಿಕಲ್ ಶಾಪಿನವರು ಸೆಫಿಕ್ಸಿಮ್ ಕೊಡುತ್ತಾರೆ, ಮಸ್ತ್ ಕೆಲಸ ಮಾಡುತ್ತದೆ.

ಲ್ಯಾಬ್ ಕೋಣೆ · ಬುಧವಾರ ಬೆಳಗ್ಗೆ 8:30

ನೀವು ಹೇಳಿದ್ದೇ ಒಳ್ಳೆಯ ಉದಾಹರಣೆ. ಸೆಫಿಕ್ಸಿಮ್ ಸೆಫಲೋಸ್ಪೊರಿನ್ ಗುಂಪಿನದು. ಎಂಟೆರೋಕಾಕಸ್‌ಗೆ ಆ ಗುಂಪಿನ ಔಷಧಿ ಹುಟ್ಟಿನಿಂದಲೇ ತಾಗುವುದಿಲ್ಲ. ಹಲ್ಲು ನೋವಿಗೆ ಎಲ್ಲರೂ ಬರೆಯುವ ಮೆಟ್ರೋನಿಡಜೋಲ್ ಇದೆಯಲ್ಲ, ಅದು ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಮಾತ್ರ. ಗಾಳಿ ಇದ್ದರೂ ಸೈ, ಇಲ್ಲದಿದ್ದರೂ ಸೈ ಅನ್ನುವ ಇದರ ಮೇಲೆ ಅದೂ ನಡೆಯುವುದಿಲ್ಲ. ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ಲ್ಯಾಬಿನ ತಟ್ಟೆಯಲ್ಲಿ.

ಫೈಲ್ ನಂಬರ್ 10 · ಬುಧವಾರ ಬೆಳಗ್ಗೆ 8:52

ಆ "ತಟ್ಟೆಯಲ್ಲಿ" ಅನ್ನುವುದಕ್ಕೆ ನನ್ನದೊಂದು ಅಡಿಗೆರೆ. ಮಾತ್ರೆ ರಕ್ತದಲ್ಲಿ ಹೋಗುತ್ತದೆ. ಬೇರಿನೊಳಗೆ ರಕ್ತನಾಳವೇ ಇಲ್ಲ, ಔಷಧಿ ತಲುಪುವುದು ಹೇಗೆ? ಹೊರಗೆ ಎಲುಬಿಗೆ ಬಂದ ನಾಲ್ಕು ಬ್ಯಾಕ್ಟೀರಿಯಾ ಸಾಯುತ್ತವೆ, ಗುಳ್ಳೆ ಬತ್ತುತ್ತದೆ, ಕಾರ್ಖಾನೆ ಒಳಗೆ ನಡೆಯುತ್ತಲೇ ಇರುತ್ತದೆ. ತುಂಗಾತೀರ ಅವರೇ, ಮೂರು ಕೋರ್ಸೂ ಹೀಗೇ ಆಗಿದ್ದು. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ ಆಂಟಿಬಯೋಟಿಕ್ ಬೇಕೇ ಬೇಕು, ಆಗ ಒಂದು ದಿನವೂ ಕಾಯಬಾರದು. ಒಸಡಿನ ಸಣ್ಣ ಗುಳ್ಳೆಗೆ ಬೇಡ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಕೊಟ್ಟ ಸೂಚನೆಯೂ ಹೆಚ್ಚುಕಡಿಮೆ ಇದೇ.

ಹಳ್ಳಿ ಕ್ಲಿನಿಕ್ · ಬುಧವಾರ ಮಧ್ಯಾಹ್ನ 2:15

ನಾನು ಬಿಡಿಎಸ್. ತಾಲೂಕು ಕೇಂದ್ರದಲ್ಲಿ ಹದಿನೆಂಟು ವರ್ಷದಿಂದ ಕ್ಲಿನಿಕ್. ಒಂದು ಮಾತು ಹೇಳಲೇಬೇಕು. ಇಲ್ಲಿ ಎಲ್ಲ ಸೇರಿ ಮೊದಲ ಡಾಕ್ಟರನ್ನು ಮೌನವಾಗಿ ಕಟಕಟೆಗೆ ನಿಲ್ಲಿಸಿದ್ದೀರಿ. ಮೈಕ್ರೋಸ್ಕೋಪ್, ಸಿಬಿಸಿಟಿ (ಹಲ್ಲಿನ 3ಡಿ ಸ್ಕ್ಯಾನ್) ಎಲ್ಲ ಪಟ್ಟಣದ ಮಾತು. ನಮ್ಮಲ್ಲಿ ನೋವು ಹೋದ ದಿನವೇ ಪೇಷೆಂಟ್ ಕಾಣೆ. ಕ್ಯಾಪ್ ಹಾಕಿಸಿ ಅಂತ ಫೋನ್ ಮಾಡಿದರೆ "ದುಡ್ಡಿಗೆ ಮಾಡ್ತಾರೆ" ಅಂತಾರೆ. ಐದು ತಿಂಗಳು ಬಿಟ್ಟಿದ್ದು ಯಾರು ಸ್ವಾಮಿ?

ಫೈಲ್ ನಂಬರ್ 10 · ಬುಧವಾರ ರಾತ್ರಿ 9:30

ಸರ್, ಅರ್ಧ ಒಪ್ಪುತ್ತೇನೆ. ಕ್ಯಾಪ್ ವಿಷಯ ಪೂರ್ತಿ ನಿಮ್ಮ ಕಡೆ. 1995ರಲ್ಲಿ 1010 ಹಲ್ಲುಗಳ ಎಕ್ಸ್‌ರೇ ನೋಡಿ ಒಂದು ಲೆಕ್ಕ ಕೊಟ್ಟರು. ಬೇರೂ ಚೆನ್ನಾಗಿ ತುಂಬಿ, ಮೇಲಿನ ಫಿಲ್ಲಿಂಗೂ ಚೆನ್ನಾಗಿದ್ದವುಗಳಲ್ಲಿ 91 ಪರ್ಸೆಂಟಿಗೆ ತುದಿಯಲ್ಲಿ ತೊಂದರೆ ಇಲ್ಲ. ಬೇರು ಚೆನ್ನಾಗಿ ತುಂಬಿ ಮೇಲಿನದು ಕಳಪೆ ಆಗಿದ್ದರೆ ಅದು 44ಕ್ಕೆ ಇಳಿಯಿತು. ಮೇಲಿನದೇ ಮುಖ್ಯ ಅನ್ನುವ ಅವರ ತೀರ್ಮಾನವನ್ನು ಆಮೇಲಿನವರು ಅಷ್ಟಾಗಿ ಒಪ್ಪಲಿಲ್ಲ, ಎರಡೂ ಸಮ ಅಂದರು. ಏನೇ ಇರಲಿ, ಉದುರಿದ ಫಿಲ್ಲಿಂಗಿನ ಕೆಳಗೆ ಐದು ತಿಂಗಳು ಎಂಜಲು ಇಳಿದ ಮೇಲೆ ಚಿನ್ನದ ಕ್ಯಾಪ್ ಹಾಕಿದರೂ ಅದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ರಬ್ಬರ್ ಡ್ಯಾಮ್, ಅಂದರೆ ಆ ರಬ್ಬರ್ ಹಾಳೆ, ಅದರ ವಿಷಯದಲ್ಲಿ ಮಾತ್ರ ಮೊದಲ ಡಾಕ್ಟರ ಪರ ನಿಲ್ಲಲಾರೆ. ಒಂದು ಹಾಳೆಗೆ ಆಗುವ ಖರ್ಚು ಎರಡು ಕಾಫಿಯ ದುಡ್ಡಿಗಿಂತ ಜಾಸ್ತಿ ಇಲ್ಲ. ಅದಿಲ್ಲದೆ ಎಂಜಲು ಒಳಗೆ ಹೋಗುವುದನ್ನು ತಡೆಯಲು ಆಗುವುದಿಲ್ಲ, ಬ್ಯಾಕ್ಟೀರಿಯಾ ಕೊಲ್ಲುವ ಹೈಪೋಕ್ಲೋರೈಟ್ ದ್ರಾವಣವನ್ನು ಧೈರ್ಯವಾಗಿ ಬಿಡಲೂ ಆಗುವುದಿಲ್ಲ. ಎಂಜಲಿನ ಬಾಯಲ್ಲಿ ಉಪ್ಪುನೀರಿನಿಂದ ಬೇರು ತೊಳೆದು ಮುಗಿಸುವವರನ್ನು ನಾನೇ ಕಂಡಿದ್ದೇನೆ. ಆ ತೊಳೆತದಿಂದ ಸ್ವಲ್ಪ ಬ್ಯಾಕ್ಟೀರಿಯಾ ಕೊಚ್ಚಿ ಹೋಗಬಹುದು, ಆದರೆ ಅಷ್ಟು ಸಾಲದು.

ಹಳ್ಳಿ ಕ್ಲಿನಿಕ್ · ಬುಧವಾರ ರಾತ್ರಿ 10:04

ಹಾಳೆ ಹಿಡಿಯುವ ಕ್ಲ್ಯಾಂಪ್ ಹಾಕಿದರೆ ಪೇಷೆಂಟ್ ಉಸಿರು ಕಟ್ಟುತ್ತದೆ ಅಂತ ಎದ್ದುಹೋಗುತ್ತಾರೆ ಮೇಡಂ. ಆದರೂ ಸರಿ, ಹಾಳೆ ಮೂಲೆಯಲ್ಲಿ ಬಿದ್ದಿದೆ, ತೆಗೆಯುತ್ತೇನೆ.

ಲ್ಯಾಬ್ ಕೋಣೆ · ಬುಧವಾರ ರಾತ್ರಿ 10:40

ಮೇಡಂ ಮಾತಿಗೆ ಒಂದು ಸಾಕ್ಷಿ. 1997ರಲ್ಲಿ ಫಿನ್ಲೆಂಡಿನವರು ವಾಸಿಯಾಗದ ಬೇರುಗಳಿಂದ ಮಾದರಿ ತೆಗೆದರು. ಯಾವ ಹಲ್ಲುಗಳನ್ನು ಚಿಕಿತ್ಸೆಯ ನಡುವೆ ತೆರೆದು ಬಿಟ್ಟಿದ್ದರೋ, ಯಾವುದಕ್ಕೆ ಭೇಟಿಗಳು ಜಾಸ್ತಿ ಆಗಿದ್ದವೋ, ಅವುಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳು ಹೆಚ್ಚು ಸಿಕ್ಕವು. ಅಂದರೆ ಫೀಕಾಲಿಸ್ ಎಷ್ಟೋ ಸಲ ಮೊದಲಿನಿಂದ ಇದ್ದದ್ದಲ್ಲ, ಮಧ್ಯದಲ್ಲಿ ನುಗ್ಗಿದ್ದು. ಆರೋಗ್ಯವಂತರ ಬಾಯಲ್ಲಿ ಇದು ಅಪರೂಪ. ಚೀಸಿನಂಥ ಆಹಾರದ ಜತೆ ಬಂದು ಹೋಗುತ್ತದೆ ಅನ್ನುವ ವಾದವೂ ಇದೆ. ತುಂಗಾತೀರ ಅವರ ಐದಾರು ಭೇಟಿ, ಎರಡು ದಿನ ತೆರೆದ ಬಾಗಿಲು, ಎಲ್ಲ ಹೊಂದುತ್ತದೆ.

ಆದರೆ ಒಂದು ತಕರಾರು. ಎಲ್ಲ ಪಾಪವನ್ನೂ ಫೀಕಾಲಿಸ್ ತಲೆಗೇ ಕಟ್ಟುವುದು ಈಗ ಫ್ಯಾಷನ್ ಆಗಿದೆ. ಸ್ವೀಡನ್ನಿನ 1998ರ ಅಧ್ಯಯನದಿಂದ ಇದಕ್ಕೆ ಹೆಸರು ಬಂತು. ವಾಸಿಯಾಗದ 54 ಹಲ್ಲು ಬಿಚ್ಚಿದರು, 24ರಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು, ಅವುಗಳಲ್ಲಿ 38 ಪರ್ಸೆಂಟಿನಲ್ಲಿ ಇದೇ. ಎಲ್ಲಕ್ಕಿಂತ ಜಾಸ್ತಿ, ನಿಜ. ಆದರೆ ತಿರುಗಿಸಿ ನೋಡಿ. ಮಿಕ್ಕ 62 ಪರ್ಸೆಂಟಿನಲ್ಲಿ ಇದು ಇರಲೇ ಇಲ್ಲ. ಇದು ತಟ್ಟೆಯಲ್ಲಿ ಸುಲಭವಾಗಿ ಬೆಳೆಯುತ್ತದೆ, ಅದಕ್ಕೇ ಕಣ್ಣಿಗೆ ಬೀಳುತ್ತದೆ. ಈಗ ಡಿಎನ್‌ಎ ಓದಿ ನೋಡಿದರೆ ಫ್ಯೂಸೋಬ್ಯಾಕ್ಟೀರಿಯಂ, ಸ್ಟ್ರೆಪ್ಟೋಕಾಕಸ್, ಸ್ಯೂಡೋರಾಮಿಬ್ಯಾಕ್ಟರ್, ಆಕ್ಟಿನೋಮೈಸಿಸ್ ಅಂತ ದೊಡ್ಡ ಸಂತೆಯೇ ಸಿಗುತ್ತದೆ. ಕೆಲವರಲ್ಲಿ ಕ್ಯಾಂಡಿಡಾ ಶಿಲೀಂಧ್ರ ಕೂಡ. ಕೆಲವು ಹಲ್ಲುಗಳಲ್ಲಿ ಫೀಕಾಲಿಸ್ ಲೆಕ್ಕಕ್ಕೇ ಇಲ್ಲ.

ಅವು ಒಂಟಿಯಾಗಿಯೂ ಇರುವುದಿಲ್ಲ. ಬಯೋಫಿಲ್ಮ್ ಕಟ್ಟಿಕೊಳ್ಳುತ್ತವೆ. ಬಚ್ಚಲ ಕಲ್ಲಿನ ಲೋಳೆ ನೋಡಿದ್ದೀರಲ್ಲ? ಅದರ ಮೇಲೆ ಎಷ್ಟು ಕೊಡ ನೀರು ಹುಯ್ದರೂ ಹೋಗುವುದಿಲ್ಲ. ತೆಂಗಿನ ನಾರು ಹಾಕಿ ತಿಕ್ಕಬೇಕು. ಬೇರಿನ ಕುರುಡು ಸಂದಿಯಲ್ಲಿ ತಿಕ್ಕುವವರು ಯಾರು?

ವಾಟ್ಸಾಪ್ ವಿಜ್ಞಾನಿ · ಗುರುವಾರ ಬೆಳಗ್ಗೆ 7:00

ಅದಕ್ಕೇ ಹೇಳೋದು, ರೂಟ್ ಕೆನಾಲ್ ಮಾಡಿಸಲೇಬಾರದು. ಅದರಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಡಿಯೋ ಬಂದಿದೆ. ಎಲ್ಲರಿಗೂ ಕಳಿಸಿ.

ಫೈಲ್ ನಂಬರ್ 10 · ಗುರುವಾರ ಬೆಳಗ್ಗೆ 7:40

ಇದು ನೂರು ವರ್ಷದ ಹಳಸಲು. ಅಮೆರಿಕದ ವೆಸ್ಟನ್ ಪ್ರೈಸ್ ಎಂಬ ದಂತವೈದ್ಯ 1920ರ ದಶಕದಲ್ಲಿ ಬೇರು ಚಿಕಿತ್ಸೆ ಆದ ಹಲ್ಲನ್ನು ಮೊಲದ ಚರ್ಮದಡಿ ಇಟ್ಟು, ಮೊಲಕ್ಕೆ ಕಾಯಿಲೆ ಬಂತು ಅಂದ. ಆಮೇಲೆ ಸರಿಯಾದ ಹೋಲಿಕೆ ಇಟ್ಟು ಮಾಡಿದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಜನ ಸುಮ್ಮನೆ ಹಲ್ಲು ಕೀಳಿಸಿಕೊಂಡಿದ್ದರು. ಮುಂದಕ್ಕೆ ಹೋಗೋಣ.

ಬೇಕಾದರೆ 1965ರ ಇಲಿ ಪ್ರಯೋಗ ಓದಿ, ನನಗೆ ಬಹಳ ಇಷ್ಟದ್ದು. ಕಾಕೆಹಾಶಿ ಮತ್ತು ಜತೆಗಾರರು ಇಲಿಗಳ ಹಲ್ಲು ಕೊರೆದು ಒಳಗಿನ ಮೃದು ಭಾಗ ತೆರೆದಿಟ್ಟರು. ಆಹಾರ, ಕಸ ಎಲ್ಲ ಒಳಗೆ ಹೋಗಲಿ ಅಂತ ಹಾಗೇ ಬಿಟ್ಟರು. ಮಾಮೂಲಿ ಇಲಿಗಳ ಹಲ್ಲು ಕೊಳೆತು ಕೀವಾಯಿತು. ಹುಟ್ಟಿನಿಂದ ಒಂದೂ ಸೂಕ್ಷ್ಮಜೀವಿ ಸೋಕದಂತೆ ಸಾಕಿದ ಇಲಿಗಳಲ್ಲಿ ಗಾಯ ತಾನೇ ಮುಚ್ಚಿ ಹೊಸ ಡೆಂಟಿನ್ ಸೇತುವೆ ಕಟ್ಟಿತು. ಗಾಯ ಒಂದೇ, ಬಿದ್ದ ಕಸ ಒಂದೇ. ಕೆಟ್ಟಿದ್ದು ಬ್ಯಾಕ್ಟೀರಿಯಾದಿಂದ.

ಡಲ್ಲಾಸ್ ಕನ್ನಡಿಗ · ಗುರುವಾರ ರಾತ್ರಿ 8:55

ನನ್ನ ಅನುಭವ ಸ್ವಲ್ಪ ಬೇರೆ. ಮೇಲಿನ ಮುಂದಿನ ಹಲ್ಲು. ಮತ್ತೆ ಮಾಡಿಸಿದೆ, ಚೆನ್ನಾಗಿಯೇ ಮಾಡಿದರು, ಆದರೂ ಕೀವು ನಿಲ್ಲಲಿಲ್ಲ. ಕೊನೆಗೆ ಒಸಡು ಬಿಡಿಸಿ ಬೇರಿನ ತುದಿಯನ್ನೇ 3 ಮಿಲಿಮೀಟರ್ ಕತ್ತರಿಸಿ, ಹಿಂದಿನಿಂದ ಎಂಟಿಎ ಎಂಬ ಸಿಮೆಂಟ್ ತುಂಬಿದರು. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದಾಗ ಆಕ್ಟಿನೋಮೈಸಿಸ್ ಅಂತ ಬಂತು. ಬೇರಿನ ಹೊರಗೆ ಹೋಗಿ ಸಂಸಾರ ಹೂಡಿತ್ತಂತೆ. ಹೊಲಿಗೆ ಬಿಚ್ಚುವಾಗ ಮಾತ್ರ ಚುರುಕ್ ಅಂತು.

ಲ್ಯಾಬ್ ಕೋಣೆ · ಗುರುವಾರ ರಾತ್ರಿ 9:30

ಹೌದು, ಆಕ್ಟಿನೋಮೈಸಿಸ್ ಮತ್ತು ಅದರ ದಾಯಾದಿ ಪ್ರೊಪಿಯೋನಿಬ್ಯಾಕ್ಟೀರಿಯಂ ಪ್ರೊಪಿಯೋನಿಕಂ, ಇವೆರಡಕ್ಕೆ ಆ ತಾಕತ್ತಿದೆ. ಒಂದಕ್ಕೊಂದು ಹೆಣೆದುಕೊಂಡು ಉಂಡೆ ಕಟ್ಟುತ್ತವೆ. ಬಿಳಿ ರಕ್ತಕಣಕ್ಕೆ ಒಂದು ಬ್ಯಾಕ್ಟೀರಿಯಾ ನುಂಗುವುದು ಸುಲಭ, ಇಡೀ ಉಂಡೆ ನುಂಗಲು ಆಗುವುದಿಲ್ಲ. ಕೀವಿನಲ್ಲಿ ಕೆಲವೊಮ್ಮೆ ರವೆಯಂಥ ಹಳದಿ ಕಾಳು ಕಾಣುತ್ತದೆ. ಒಳಗಿಂದ ಎಷ್ಟು ತೊಳೆದರೂ ಅದು ಹೊರಗೆ ಕೂತಿರುತ್ತದೆ, ಅದಕ್ಕೇ ಕತ್ತರಿ.

ಫೈಲ್ ನಂಬರ್ 10 · ಗುರುವಾರ ರಾತ್ರಿ 9:48

ಬ್ಯಾಕ್ಟೀರಿಯಾ ಇಲ್ಲದೆಯೂ ನೆರಳು ಉಳಿಯಬಹುದು, ಅದನ್ನೂ ಹೇಳಿಬಿಡುತ್ತೇನೆ. ನಿಜವಾದ ಸಿಸ್ಟ್ (ದ್ರವ ತುಂಬಿದ ಚೀಲ) ಆಗಿದ್ದರೆ, ತುಂಬಿದ ವಸ್ತು ಹೊರಗೆ ಚಾಚಿ ಶರೀರ ಸಿಡುಕಿದರೆ, ಕೊಲೆಸ್ಟರಾಲ್ ಹರಳು ಕೂತಿದ್ದರೆ. ಆದರೆ ಇವೆಲ್ಲ ಕಡಿಮೆ. ಮೊದಲ ಸಂಶಯ ಯಾವತ್ತೂ ಒಳಗಿನ ಸೋಂಕಿನ ಮೇಲೆ.

ತುಂಗಾತೀರ ಅವರೇ, ನಿಮ್ಮ ಹಲ್ಲಿನ ಬಗ್ಗೆ ನನ್ನ ಊಹೆ ಹೇಳಲಾ? ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡು ಕಾಲುವೆ ಇರುತ್ತದೆ. ಎರಡನೆಯದನ್ನು ನಾವು ಎಂಬಿ ಟೂ ಅನ್ನುತ್ತೇವೆ. ಬಾಯಿ ಸೂಜಿ ಮೊನೆಯಷ್ಟು, ಮೇಲೆ ಡೆಂಟಿನ್ನಿನ ತುಟಿ ಮುಚ್ಚಿಕೊಂಡಿರುತ್ತದೆ. ಎಕ್ಸ್‌ರೇಯಲ್ಲಿ ಒಂದರ ಹಿಂದೆ ಒಂದು ನಿಂತು ಒಂದೇ ಅನ್ನಿಸುತ್ತದೆ. ಬಿಚ್ಚುವ ಮೊದಲು ಆ ಹಲ್ಲಿಗಷ್ಟೇ ಸಣ್ಣ ಸಿಬಿಸಿಟಿ ತೆಗೆಸಿ. ಬೇರು ಸೀಳಿದೆಯಾ ಅನ್ನುವ ಸುಳಿವೂ ಸಿಗಬಹುದು, ಕಾಫಿಗಿಡ ಹೇಳಿದ್ದು ಸರಿಯಾದ ಎಚ್ಚರಿಕೆ. ದುಡ್ಡು ಕಷ್ಟ ಆದರೆ ಸರ್ಕಾರಿ ದಂತ ಕಾಲೇಜಿದೆ. ಬೆಂಗಳೂರಿನದು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಇದೆ. ಕಾಯಬೇಕಾಗುತ್ತದೆ, ಆದರೆ ಪಿಜಿ ವಿದ್ಯಾರ್ಥಿಗಳು ಒಂದು ಕಾಲುವೆ ಹುಡುಕಲು ಒಂದು ಬೆಳಗ್ಗೆ ಪೂರ್ತಿ ಕೂರುತ್ತಾರೆ. ನನ್ನಂಥವರಿಗೆ ಅಷ್ಟು ಪುರುಸೊತ್ತಿಲ್ಲ.

ಸಂಪಿಗೆಹಳ್ಳಿ ಮಗಳು · ಶುಕ್ರವಾರ ಬೆಳಗ್ಗೆ 10:10

ಮೇಡಂ, ಅಮ್ಮನಿಗೆ ಶುಗರ್ ಇದೆ, ಅವರದ್ದೂ ಹೀಗೇ. ಮತ್ತೆ ಮಾಡಿಸಿದರೆ ವಾಸಿಯಾಗುವ ಚಾನ್ಸ್ ಎಷ್ಟು?

ಫೈಲ್ ನಂಬರ್ 10 · ಶುಕ್ರವಾರ ಮಧ್ಯಾಹ್ನ 3:00

ಅದೇ 54 ಹಲ್ಲುಗಳ ಅಧ್ಯಯನದಲ್ಲಿ ಮತ್ತೆ ಚಿಕಿತ್ಸೆ ಕೊಟ್ಟ ಮೇಲೆ 74 ಪರ್ಸೆಂಟ್ ವಾಸಿಯಾದವು. ತುಂಬುವ ಹೊತ್ತಿಗೆ ಕಾಲುವೆಯಲ್ಲಿ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಬಹಳ ನಿಂತಿದೆ. ಮೊದಲ ಸಲದ ಚಿಕಿತ್ಸೆಯ ಬಗ್ಗೆ 1997ರಲ್ಲಿ ಬಂದ ಲೆಕ್ಕ ನೋಡಿ. ತುಂಬುವಾಗ ಪರೀಕ್ಷೆಯಲ್ಲಿ ಏನೂ ಬೆಳೆಯದಿದ್ದ ಹಲ್ಲುಗಳು 94 ಪರ್ಸೆಂಟ್ ವಾಸಿ, ಬೆಳೆದಿದ್ದವು 68. ಅಮ್ಮನ ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಎಲುಬು ತುಂಬುವುದು ನಿಧಾನ. ಮೊದಲು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ನೋಡಿಸಿ, ಆ ರಿಪೋರ್ಟ್ ದಂತವೈದ್ಯರಿಗೂ ತೋರಿಸಿ.

ತುಂಗಾತೀರ · ಎರಡು ತಿಂಗಳ ನಂತರ, ಭಾನುವಾರ ಸಂಜೆ 6:20

ಎಲ್ಲರಿಗೂ ಮತ್ತೆ ನಮಸ್ಕಾರ. ಮಾಡಿಸಿದೆ. ವಿವರವಾಗಿ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ ಮನಸ್ಸಿನಲ್ಲಿ.

ಮೊದಲ ದಿನ ಗುಳ್ಳೆಯ ಬಾಯಿಯಿಂದ ಗುಲಾಬಿ ಬಣ್ಣದ ಸಣ್ಣ ಕಡ್ಡಿಯನ್ನು ಒಳಗೆ ತಳ್ಳಿದರು. ಬೇರಿಗೆ ತುಂಬುವ ಗಟ್ಟಾ ಪರ್ಚಾ ಅಂತೆ. ಮರದ ಹಾಲಿನಿಂದ ಬರುವ ವಸ್ತು ಎಂದರು, ನಮ್ಮ ರಬ್ಬರ್ ತೋಟದ ನೆನಪಾಯಿತು. ಕಡ್ಡಿ ಮುಳ್ಳಿನ ಹಾಗೆ ಒಳಕ್ಕೆ ಹೋಗುತ್ತಲೇ ಇತ್ತು, ನೋವಿಲ್ಲ. ಎಕ್ಸ್‌ರೇಯಲ್ಲಿ ಅದು ಸೀದಾ ಮುಂದಿನ ಬೇರಿನ ತುದಿಗೆ ಹೋಗಿ ಬೆರಳು ತೋರಿಸಿದ ಹಾಗೆ ನಿಂತಿತ್ತು. ಸಿಬಿಸಿಟಿಯಲ್ಲಿ ಸೀಳು ಕಾಣಲಿಲ್ಲ. ಎಂಬಿ ಟೂ ಇತ್ತು, ಯಾರೂ ಮುಟ್ಟೇ ಇರಲಿಲ್ಲ. ಮೇಡಂ, ನಿಮ್ಮ ಊಹೆಗೆ ಕೈ ಮುಗಿದೆ.

ಎರಡನೇ ದಿನ ರಬ್ಬರ್ ಹಾಳೆ ಕಟ್ಟಿದರು. ಮೊದಲೆರಡು ನಿಮಿಷ ಗಾಬರಿ, ಆಮೇಲೆ ಪರವಾಗಿಲ್ಲ, ಮೂಗಿದೆಯಲ್ಲ. ಕ್ಯಾಪ್ ಕೊಯ್ದು ತೆಗೆದಾಗ ಬಂದ ವಾಸನೆ ಮಾತ್ರ ಮರೆಯಲಾರೆ. ಹೂದಾನಿಯಲ್ಲಿ ವಾರ ಬಿಟ್ಟ ನೀರಿನ ವಾಸನೆ. ಕ್ಯಾಪಿನ ಕೆಳಗೆ, ಬೇರುಗಳ ಬಾಯಿ ಸೇರುವ ಜಾಗದಲ್ಲಿ ಒಂದು ಹತ್ತಿ ಉಂಡೆ ಸಿಕ್ಕಿತು. ಹೆಸರುಕಾಳಿನಷ್ಟು, ಕರೀ ಹಸಿರು ಬಣ್ಣ. ಮೂರು ವರ್ಷದ ಹಿಂದೆ ತಾತ್ಕಾಲಿಕ ಫಿಲ್ಲಿಂಗಿನ ಅಡಿಗೆ ಇಟ್ಟಿದ್ದು. ಅದನ್ನು ತೆಗೆಯದೆ ಮೇಲೆ ಕ್ಯಾಪ್ ಕೂರಿಸಿಬಿಟ್ಟಿದ್ದಾರೆ. ಯಾರು ಅಂತ ಇಲ್ಲಿ ಹೇಳುವುದಿಲ್ಲ. ಐದು ತಿಂಗಳು ತಡ ಮಾಡಿದ ನನ್ನ ಪಾಲೂ ಇದೆ.

ಹಳೇ ಗಟ್ಟಾ ಪರ್ಚಾ ಎಲ್ಲ ಕರಗಿಸಿ ತೆಗೆದು, ಹೈಪೋಕ್ಲೋರೈಟ್ ಬಿಟ್ಟು ಕಿರ್ ಅನ್ನುವ ಒಂದು ಸಣ್ಣ ಕಡ್ಡಿ ಆಡಿಸಿದರು. ಮುಕ್ಕಾಲು ಗಂಟೆ ಬರೀ ತೊಳೆತ. ಸುಣ್ಣ ತುಂಬಿ ಹದಿನೈದು ದಿನ ಬಿಟ್ಟರು. ಹತ್ತನೇ ದಿನಕ್ಕೆ ಗುಳ್ಳೆ ಬತ್ತಿತು. ಮಾತ್ರೆ ಒಂದೂ ಇಲ್ಲ. ಮೂರನೇ ಸಲ ಹೋದಾಗ ಮತ್ತೆ ತೊಳೆದು ತುಂಬಿದರು.

ಲ್ಯಾಬ್ ಕೋಣೆ · ಭಾನುವಾರ ರಾತ್ರಿ 8:00

ಆ ಹತ್ತಿ ಉಂಡೆ ಎಲ್ಲಿ?!

ತುಂಗಾತೀರ · ಭಾನುವಾರ ರಾತ್ರಿ 8:12

ಕಸದ ಬುಟ್ಟಿಗೆ ಹೋಯಿತು ಸರ್.

ಲ್ಯಾಬ್ ಕೋಣೆ · ಭಾನುವಾರ ರಾತ್ರಿ 8:15

ಅಯ್ಯೋ. ಇಷ್ಟು ದಿನ ಫೀಕಾಲಿಸ್ ಅಂತ ಜಗಳಾಡಿದೆವು, ಇತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಹಲ್ಲಿನ ಡಾಕ್ಟರುಗಳು ನಮಗೆ ಒಂದೂ ಮಾದರಿ ಕಳಿಸುವುದಿಲ್ಲ.

ಫೈಲ್ ನಂಬರ್ 10 · ಭಾನುವಾರ ರಾತ್ರಿ 9:05

ಕಳಿಸಿದ್ದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲ ಸರ್. ಯಾವ ಜಾತಿಯದಿದ್ದರೂ ಸಿಗದ ಕಾಲುವೆ ಹುಡುಕಬೇಕು, ತೊಳೆಯಬೇಕು, ಮುಚ್ಚಬೇಕು. ಗುಳ್ಳೆ ಹೋಗಿದ್ದು ಒಳ್ಳೆಯ ಸೂಚನೆ. ಎಲುಬು ತುಂಬಿದೆಯಾ ಅನ್ನುವುದಕ್ಕೆ ಒಂದು ವರ್ಷದ ಎಕ್ಸ್‌ರೇ ಬೇಕು. ಪೂರ್ತಿ ಆಗಲು ನಾಲ್ಕು ವರ್ಷದವರೆಗೂ ಹೋಗಬಹುದು. ನೆರಳು ಸಣ್ಣದಾಗುತ್ತಾ ಬಂದರೆ ಸಾಕು, ಗಾಬರಿ ಬೇಡ.

ಹಳ್ಳಿ ಕ್ಲಿನಿಕ್ · ಭಾನುವಾರ ರಾತ್ರಿ 9:40

ಎಲ್ಲ ಸರಿ. ಕ್ಯಾಪ್?

ತುಂಗಾತೀರ · ಭಾನುವಾರ ರಾತ್ರಿ 9:44

ಹಾಕಿಸಿ ಆಯ್ತು ಸರ್. ಈ ಸಲ ಒಂಬತ್ತನೇ ದಿನ.